ಪಕ್ಷಿತೀರ್ಥದ ಬಿಳಿ ಹದ್ದುಗಳು

ಚೆನ್ನೈಗೆ ದಕ್ಷಿಣದಲ್ಲಿ, ಚೆಂಗಲ್ಪಟ್ಟಿನ ಸಮೀಪವಿರುವ ತಿರುಕ್ಕಳುಕುಂಡ್ರಂ ಕನ್ನಡಿಗ ಯಾತ್ರಿಕರಿಗೆ ಪಕ್ಷಿತೀರ್ಥವೆಂದೇ ಪರಿಚಿತ. ತಮಿಳಿನಲ್ಲಿ ‘ಕಳುಗು’ ಎಂದರೆ ಹದ್ದು. 7ನೆಯ ಶತಮಾನದ ತೇವಾರ ಪದಿಗಗಳಲ್ಲಿಯೇ ಈ ಹೆಸರು ಕಾಣುವುದರಿಂದ ಬೆಟ್ಟಕ್ಕೂ ಹದ್ದಿಗೂ ಇರುವ ನಂಟು ಬಹು ಪ್ರಾಚೀನವಾದುದು.

ದಿನವೂ ಮಧ್ಯಾಹ್ನ ಎರಡು ಬಿಳಿಯ ಹಕ್ಕಿಗಳು ಬಂದಿಳಿದು ಅರ್ಚಕರು ನೀಡಿದ ಸಿಹಿಪೊಂಗಲನ್ನು ತಿಂದು ಹೋಗುತ್ತಿದ್ದವು. ಶಾಪಗ್ರಸ್ತ ಋಷಿಗಳೇ ಹೀಗೆ ಬರುವರೆಂದು ಸ್ಥಳಪುರಾಣ ಹೇಳುತ್ತದೆ. ಪಕ್ಷಿಶಾಸ್ತ್ರಜ್ಞರ ಪಾಲಿಗೆ ಅವು ಬಿಳಿ ರಣಹದ್ದುಗಳು. ಒಂದು ಜೋಡಿ ಅಳಿದ ಬಳಿಕ ಮತ್ತೊಂದು ಆ ನೆಲೆಯನ್ನು ಹಿಡಿದಿರಬೇಕು. ಹೊಲಸು ತಿನ್ನುವುದೆಂದು ಉಳಿದೆಡೆ ಜನರು ಹೇಸುವ ಹಕ್ಕಿಗೆ ಇಲ್ಲಿ ನೈವೇದ್ಯ ಸಂದುದು ಸಾಮಾನ್ಯ ಸಂಗತಿಯಲ್ಲ.

1990ರ ದಶಕದ ಕೊನೆಗೆ ಅವು ಬರುವುದು ನಿಂತಿತು. ಅದೇ ಕಾಲದಲ್ಲಿ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧವು ಸತ್ತ ದನದ ಮಾಂಸದ ಮೂಲಕ ಭಾರತದ ರಣಹದ್ದುಗಳನ್ನು ಕೊಲ್ಲುತ್ತಿತ್ತು. ಎರಡನ್ನೂ ಬೇರೆಬೇರೆಯಾಗಿ ನೋಡುವುದು ಕಷ್ಟ. ಪಶುಗಳಿಗೆ ಆ ಔಷಧವನ್ನು ಕೊಡುವುದು 2006ರಲ್ಲಿ ನಿಷಿದ್ಧವಾಯಿತು. ಕನ್ನಡ ನಾಡಿನ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಧಾಮವಾಯಿತು.