ಇಲ್ ಪೋಸ್ತೋ: ವೀಕೆಂಡಿನಲ್ಲಿ ಆಫೀಸಿನೊಳಗೇ ತೆಗೆದ ಸಿನಿಮಾ

ಇವತ್ತು 1961ರ ಒಂದು ಇಟಾಲಿಯನ್ ಸಿನಿಮಾದ ಬಗ್ಗೆ ಮಾತಾಡೋಣ. ಹೆಸರು ‘ಇಲ್ ಪೋಸ್ತೋ’. ಪೋಸ್ತೋ ಅಂದ್ರೆ ಜಾಗ, ನೌಕರಿ ಅಂತಲೂ ಅರ್ಥ. ಊರಲ್ಲಿ ಹಿರಿಯರು ‘ಎಲ್ಲಾದ್ರೂ ಒಂದು ಪೋಸ್ಟ್ ಸಿಕ್ತೇನಪ್ಪಾ’ ಅಂತ ಕೇಳ್ತಾರಲ್ಲ, ಹೆಚ್ಚೂಕಡಿಮೆ ಅದೇ ಮಾತು.

ಇಟಲಿಯ ಆರ್ಥಿಕತೆ ಜೋರಾಗಿ ಬೆಳೀತಿದ್ದ ಕಾಲ ಅದು. ಉದ್ಯೋಗಕ್ಕಾಗಿ ಜನ ಉತ್ತರದ ಮಿಲಾನ್ ಕಡೆ ಹೋಗ್ತಿದ್ರು. ಮೆಟ್ರೋಗಾಗಿ ಮಿಲಾನಿನ ರಸ್ತೆಗಳನ್ನ ಅಗೆದು ಹಾಕಿದ್ರು. ಸಿನಿಮಾದಲ್ಲಿ ಆ ಗುಂಡಿಗಳೂ ಕಾಣ್ತವೆ. ಮೊದಲ ಮೆಟ್ರೋ ಓಡಿದ್ದು 1964ರಲ್ಲಿ. ಪುಣೆಯಲ್ಲೋ ಚೆನ್ನೈಯಲ್ಲೋ ಬ್ಯಾರಿಕೇಡ್ ಸುತ್ತಿ ಸುತ್ತಿ ಆಫೀಸಿಗೆ ಹೋದವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ನಿರ್ದೇಶಕ ಎರ್ಮಾನ್ನೋ ಓಲ್ಮಿ, ಹುಟ್ಟಿದ್ದು 1931ರಲ್ಲಿ. ತಾಯಿ ಎಡಿಸನ್ ಅನ್ನೋ ದೊಡ್ಡ ವಿದ್ಯುತ್ ಕಂಪನಿಯ ಉದ್ಯೋಗಿ. ಓಲ್ಮಿಯೂ ಅಲ್ಲೇ ಗುಮಾಸ್ತನಾಗಿ ಸೇರಿದ. ನೌಕರರ ನಾಟಕ, ಮನರಂಜನೆ ಅಂತ ಓಡಾಡ್ತಿದ್ದವನ ಕೈಗೆ ಕ್ಯಾಮೆರಾ ಬಂತು. 1950ರ ದಶಕದಲ್ಲಿ ಅಣೆಕಟ್ಟು, ವಿದ್ಯುತ್ ಕೇಂದ್ರ, ಕಾರ್ಮಿಕರ ಬಗ್ಗೆ ಕಂಪನಿಗಾಗಿ ಹತ್ತಾರು ಸಾಕ್ಷ್ಯಚಿತ್ರಗಳನ್ನ ತೆಗೆದ. ಈಗಿನ ಲೆಕ್ಕದಲ್ಲಿ ಕಾರ್ಪೊರೇಟ್ ವಿಡಿಯೋ ಅನ್ನಿ. ಫಿಲ್ಮ್ ಸ್ಕೂಲಿನ ಪಾಠವಿಲ್ಲ, ಕಲಿತದ್ದೆಲ್ಲ ಡ್ಯೂಟಿಯಲ್ಲೇ.

ಆಮೇಲೆ ‘ಇಲ್ ಪೋಸ್ತೋ’ವನ್ನ ಅದೇ ಕಂಪನಿಯ ಕಟ್ಟಡದಲ್ಲಿ, ಆಫೀಸು ಖಾಲಿ ಇರುವ ವಾರಾಂತ್ಯಗಳಲ್ಲಿ ಚಿತ್ರಿಸಿದ. ನಟರು ಬಹುತೇಕ ಸಾಮಾನ್ಯ ಜನ. ನಾಯಕ ಡೊಮೆನಿಕೊ ಪಾತ್ರದ ಸಾಂಡ್ರೋ ಪಾನ್ಸೇರಿಯಾಗಲಿ, ಆಂತೊನಿಯೆತ್ತಾ ಆಗಿರುವ ಲೊರೆದಾನಾ ದೆತ್ತೋ ಆಗಲಿ ವೃತ್ತಿಪರ ನಟರಲ್ಲ. ಮುಂದೆ ಲೊರೆದಾನಾ ಓಲ್ಮಿಯನ್ನೇ ಮದುವೆಯಾದಳು. ಅಭ್ಯರ್ಥಿಗಳನ್ನ ಪರೀಕ್ಷಿಸುವ ಮನಶ್ಶಾಸ್ತ್ರಜ್ಞ ಯಾರು ಗೊತ್ತಾ? ಸಿನಿಮಾ ವಿಮರ್ಶಕ ತುಲ್ಲಿಯೋ ಕೆಜಿಕ್. ವಿಮರ್ಶಕನ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿದ್ದು ಓಲ್ಮಿಯ ತುಂಟತನ ಅಂತಲೇ ನನಗನ್ನಿಸುತ್ತೆ.

ಆ ಪರೀಕ್ಷೆಯ ಭಾಗ ನೋಡ್ಬೇಕು ನೀವು. ಮೊದಲು ಒಂದು ಲೆಕ್ಕ. ಆಮೇಲೆ ಬಸ್ಕಿ ಹೊಡೆಸ್ತಾರೆ. ಆಮೇಲೆ, ದುಃಖ ಮರೆಯೋಕೆ ಕುಡೀತೀಯಾ ಅನ್ನೋ ಥರದ ಪ್ರಶ್ನೆಗಳು. ಮೇಡಾ ಅನ್ನೋ ಸಣ್ಣ ಊರಿಂದ ಬಂದ ಹುಡುಗ ಎಲ್ಲಕ್ಕೂ ಗಂಭೀರವಾಗಿ ಉತ್ತರ ಕೊಡ್ತಾನೆ. ನಗು ಬರುತ್ತೆ, ಆದ್ರೆ ಹುಡುಗನ ಮೇಲಲ್ಲ. ಇಂಟರ್ವ್ಯೂ ಪ್ಯಾನೆಲ್‌ನಲ್ಲಿ ಕೂತು ‘ಐದು ವರ್ಷದ ನಂತರ ಎಲ್ಲಿರ್ತೀರಿ’ ಅಂತ ನಾನೂ ಕೇಳಿದ್ದೇನೆ, ಹಾಗಾಗಿ ನನ್ನ ನಗು ಸ್ವಲ್ಪ ಬೇಗ ನಿಂತಿತು.

ಮಧ್ಯಾಹ್ನದ ಬಿಡುವಿನಲ್ಲಿ ಡೊಮೆನಿಕೊ, ಆಂತೊನಿಯೆತ್ತಾ ಕಾಫಿ ಕುಡಿಯೋಕೆ ಹೋಗ್ತಾರೆ. ಕಪ್ಪು, ಚಮಚ ಏನು ಮಾಡ್ಬೇಕು ಅಂತ ಅವನಿಗೆ ಗೊತ್ತಾಗಲ್ಲ. ದೊಡ್ಡ ಊರಿನ ಮೊದಲ ಕಾಫಿಯಲ್ಲಿ ಆಗುವ ಸಂಕೋಚಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ನಾನು ನೋಡಿಲ್ಲ. ಕೆಲಸ ಇಬ್ಬರಿಗೂ ಸಿಗುತ್ತೆ, ಆದ್ರೆ ಬೇರೆ ಬೇರೆ ವಿಭಾಗದಲ್ಲಿ. ಗುಮಾಸ್ತನ ಹುದ್ದೆ ಖಾಲಿ ಇಲ್ಲದ್ದಕ್ಕೆ ಅವನನ್ನ ಸದ್ಯಕ್ಕೆ ಅಟೆಂಡರ್ ಮಾಡ್ತಾರೆ. ಹೊಸ ವರ್ಷದ ಹಿಂದಿನ ರಾತ್ರಿ ಕಂಪನಿಯ ಪಾರ್ಟಿಗೆ ಅವಳು ಬರ್ತಾಳೆ ಅಂತ ಕಾಯ್ತಾನೆ. ಬರಲ್ಲ. ತಲೆಗೆ ಕಾಗದದ ಟೋಪಿ ಹಾಕ್ಕೊಂಡು ಅಪರಿಚಿತರ ಜೊತೆ ಕುಣೀತಾನೆ.

ಈ ನಡುವೆ ಓಲ್ಮಿ ಇದ್ದಕ್ಕಿದ್ದಂತೆ ಹುಡುಗನನ್ನ ಬಿಟ್ಟು ಗುಮಾಸ್ತರ ಹಿಂದೆ ಹೋಗ್ತಾನೆ. ಒಬ್ಬ ಸಿಗರೇಟನ್ನ ಅರ್ಧಕ್ಕೆ ಕತ್ತರಿಸಿ ಉಳಿಸ್ತಾನೆ. ಇನ್ನೊಬ್ಬ ರಾತ್ರಿ ಗುಟ್ಟಾಗಿ ಕಾದಂಬರಿ ಬರೀತಾನೆ. ಆಮೇಲೆ ಆ ಕಾದಂಬರಿಕಾರನ ಮೇಜು ಖಾಲಿ. ಸತ್ತಿದ್ದಾನೆ. ಅವನ ಜಾಗ ಡೊಮೆನಿಕೊಗೆ ಕೊಟ್ಟರೆ, ವರ್ಷಗಟ್ಟಲೆ ಹಿಂದಿನ ಸಾಲಲ್ಲಿ ಕೂತವರು ತಕರಾರು ತೆಗೀತಾರೆ. ಎಲ್ಲರೂ ಒಂದೊಂದು ಮೇಜು ಮುಂದಕ್ಕೆ ಸರೀತಾರೆ. ಹುಡುಗನಿಗೆ ಸಿಗೋದು ಬೆಳಕಿಲ್ಲದ ಕಡೇ ಮೇಜು.

ಇಲ್ಲಿ ಖಳನಾಯಕ ಇಲ್ಲ. ಬಾಸ್ ಕೂಡ ಒಳ್ಳೆಯವನೇ. ಅದನ್ನ ದೌರ್ಬಲ್ಯ ಅನ್ನೋರು ಇರಬಹುದು, ನಾನು ಒಪ್ಪಲ್ಲ. ಬೈಯೋಕೆ ಒಬ್ಬ ಸಿಕ್ಕಿದ್ರೆ ನಮಗೆ ಸಮಾಧಾನ ಆಗಿಬಿಡ್ತಿತ್ತು. ಓಲ್ಮಿ ಆ ಮೇಜುಗಳ ನಡುವೆ ಇದ್ದು ಬಂದವನು, ಆ ಸಮಾಧಾನ ಕೊಡಲಿಲ್ಲ.

ಇತಿಹಾಸ ಇದಕ್ಕೆ ಇನ್ನೊಂದು ತಿರುವು ಕೊಟ್ಟಿತು. ಡೊಮೆನಿಕೊನ ಮನೆಯವರಿಗೆ ಈ ಕೆಲಸ ಅಂದ್ರೆ ಜೀವನಪೂರ್ತಿ ಭದ್ರತೆ. ಆದ್ರೆ ಸಿನಿಮಾ ಬಂದ ಮರುವರ್ಷವೇ, 1962ರ ಡಿಸೆಂಬರಿನಲ್ಲಿ, ಇಟಲಿ ಸರ್ಕಾರ ವಿದ್ಯುತ್ ಉದ್ಯಮವನ್ನ ರಾಷ್ಟ್ರೀಕರಣ ಮಾಡಿತು. ಎಡಿಸನ್‌ನ ಮೂಲ ವ್ಯಾಪಾರವೇ ಕೈಬಿಟ್ಟಿತು. 1966ರಲ್ಲಿ ಅದು ಮೊಂತೆಕಾತೀನಿ ಅನ್ನೋ ರಾಸಾಯನಿಕ ಕಂಪನಿಯ ಜೊತೆ ಸೇರಿ ಮೊಂತೆದಿಸನ್ ಆಯ್ತು. ಓಲ್ಮಿ ಆ ಹೊತ್ತಿಗೆ ತನ್ನ ದಾರಿ ಹಿಡಿದಿದ್ದ. 1978ರಲ್ಲಿ ‘ದಿ ಟ್ರೀ ಆಫ್ ವುಡನ್ ಕ್ಲಾಗ್ಸ್’ಗೆ ಕಾನ್ ಚಿತ್ರೋತ್ಸವದ ಪಾಮ್ ದೋರ್ ಬಂತು. 2018ರಲ್ಲಿ ತೀರಿಕೊಂಡ.

ಕಪ್ಪು-ಬಿಳುಪು, ಬರೀ ಒಂದೂವರೆ ಗಂಟೆಯ ಸಿನಿಮಾ. ನೋಡೋದಾದ್ರೆ ಕೊನೇ ನಿಮಿಷ ಹೆಡ್‌ಫೋನ್ ತೆಗೀಬೇಡಿ. ಸೈಕ್ಲೋಸ್ಟೈಲ್ ಯಂತ್ರ ಒಂದೇ ಸಮ ಸದ್ದು ಮಾಡ್ತಿರುತ್ತೆ, ಎದುರಿಗೆ ಆ ಹುಡುಗನ ಮುಖ.