ಸೋರ್ಸ್ ಕೋಡ್ ಪೂರ್ತಿ ಇತ್ತು, ಆದ್ರೂ ಇನ್‌ಸ್ಟಾಲ್ ಆಗ್ತಿರಲಿಲ್ಲ: ಲಿನಕ್ಸ್‌ನಲ್ಲಿ ಸೈಪೈ ಕೂರಿಸಿದ ಕಥೆ

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಡೇಟಾ ಅನಾಲಿಸಿಸ್ ಕೆಲಸ ಮಾಡೋ ನಮ್ಮ ವೀಕ್ಷಕರಲ್ಲಿ ತುಂಬಾ ಜನಕ್ಕೆ ಬೆರಳಿಗೆ ಅಭ್ಯಾಸವಾಗಿರೋ ಒಂದು ಸಾಲು ಇದೆ: ಪಿಪ್ ಇನ್‌ಸ್ಟಾಲ್ ಸೈಪೈ. ಲಿನಕ್ಸ್ ಮೆಷಿನ್‌ನಲ್ಲಿ ಎಂಟರ್ ಒತ್ತಿದರೆ ಚಹಾ ಲೋಟ ಎತ್ತೋ ಹೊತ್ತಿಗೆ ಮುಗಿದಿರುತ್ತದೆ. 2016ರ ಮೊದಲು ಇದೇ ಸಾಲು ಹಾಕಿದ್ರೆ ಅದು ಸೋರ್ಸ್ ಕೋಡ್ ಇಳಿಸಿಕೊಂಡು, ನಿಮ್ಮ ಮೆಷಿನ್‌ನಲ್ಲೇ ಕಂಪೈಲ್ ಮಾಡಲು ಹೊರಟು, ಬಹಳ ಸಲ ಅರ್ಧ ದಾರಿಯಲ್ಲಿ ಪರದೆ ತುಂಬಾ ಎರರ್ ಸುರಿದು ನಿಲ್ಲುತ್ತಿತ್ತು. ಕೋಡ್ ಪೂರ್ತಿ ಉಚಿತ, ಪೂರ್ತಿ ಮುಕ್ತ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಪರಿಸ್ಥಿತಿ. ಆ ಪೂಜಾರಿ ಯಾರು ಅನ್ನೋದೇ ಇವತ್ತಿನ ವಿಷಯ.

ಮೊದಲು ನೆಲಮಾಳಿಗೆಗೆ ಇಳಿಯೋಣ. ಸೈಪೈ ನೋಡಲು ಪೈಥಾನ್. ಒಳಗೆ ಲೆಕ್ಕ ಮಾಡೋದು ಬಹುಮಟ್ಟಿಗೆ ಫೋರ್ಟ್ರಾನ್ ಮತ್ತು ಸಿ. ಮ್ಯಾಟ್ರಿಕ್ಸ್ ಗುಣಾಕಾರ, ಸಮೀಕರಣ ಬಿಡಿಸೋದು, ಇವೆಲ್ಲ ಬ್ಲಾಸ್ ಮತ್ತು ಲ್ಯಾಪ್ಯಾಕ್ ಎಂಬ ಎರಡು ಲೈಬ್ರರಿಗಳ ಕೆಲಸ. ಬ್ಲಾಸ್ ಪ್ರಕಟವಾದದ್ದು 1979ರಲ್ಲಿ, ಲ್ಯಾಪ್ಯಾಕ್ 1992ರಲ್ಲಿ. ಪೈಥಾನ್ ಕಡೆಯಿಂದ 1995ರಲ್ಲಿ ಜಿಮ್ ಹ್ಯೂಗುನಿನ್ 'ನ್ಯೂಮೆರಿಕ್' ಬರೆದರು. 2001ರಲ್ಲಿ ಟ್ರಾವಿಸ್ ಓಲಿಫಂಟ್, ಎರಿಕ್ ಜೋನ್ಸ್, ಪಿಯರು ಪೀಟರ್ಸನ್ ಸೇರಿ ಸೈಪೈ ಕಟ್ಟಿದರು. 2006ರಲ್ಲಿ ನಮ್‌ಪೈ 1.0 ಬಂತು. ಎಲ್ಲಾ ಮೇಲ್ಮಹಡಿಗಳೇ. ಅಡಿಪಾಯ ಅದೇ ಫೋರ್ಟ್ರಾನ್.

ಹಾಗಾಗಿ ಲಿನಕ್ಸ್‌ನಲ್ಲಿ ಸೈಪೈ ಬೇಕು ಅಂದ್ರೆ ಸಿ ಕಂಪೈಲರ್ ಬೇಕು, ಫೋರ್ಟ್ರಾನ್ ಕಂಪೈಲರ್ ಬೇಕು, ಬ್ಲಾಸ್ ಮತ್ತು ಲ್ಯಾಪ್ಯಾಕ್ ಬೇಕು, ಇವೆಲ್ಲ ಒಂದಕ್ಕೊಂದು ಹೊಂದಲೂ ಬೇಕು. ಹೊಂದೋದೇ ಕಷ್ಟ. 2005ರಲ್ಲಿ ಜಿಸಿಸಿ 4.0 ಬಂದಾಗ ಹಳೆಯ ಜಿ77 ಫೋರ್ಟ್ರಾನ್ ಕಂಪೈಲರ್ ಹೋಗಿ ಜಿಫೋರ್ಟ್ರಾನ್ ಬಂತು. ಫಂಕ್ಷನ್ ಒಂದು ಕಾಂಪ್ಲೆಕ್ಸ್ ಸಂಖ್ಯೆಯನ್ನು ವಾಪಸ್ ಕೊಡೋ ರೀತಿಯೇ ಇವೆರಡರಲ್ಲಿ ಬೇರೆ. ಲ್ಯಾಪ್ಯಾಕ್ ಒಂದರಿಂದ, ಸೈಪೈ ಇನ್ನೊಂದರಿಂದ ಕಂಪೈಲ್ ಆಗಿದ್ರೆ ಮುಗೀತು. ಪ್ರೋಗ್ರಾಂ ಬಿದ್ದರೆ ಅದೃಷ್ಟ ಅನ್ನಬೇಕು. ಬೀಳದೆ ತಪ್ಪು ಉತ್ತರ ಕೊಟ್ಟರೆ? ಸಂಶೋಧನೆ ಮಾಡೋರಿಗೆ ಇದಕ್ಕಿಂತ ದೊಡ್ಡ ಭಯ ಇಲ್ಲ. ಅದಕ್ಕೇ ಆ ಕಾಲದ ಸೈಪೈ ಇನ್‌ಸ್ಟಾಲ್ ಸೂಚನೆಗಳಲ್ಲಿ, ಎಲ್‌ಡಿಡಿ ಕಮಾಂಡ್ ಹಾಕಿ ಯಾವ ಫೋರ್ಟ್ರಾನ್ ಲೈಬ್ರರಿ ಅಂಟಿಕೊಂಡಿದೆ ನೋಡಿ, ಎರಡೂ ಬೆರೆಸಬೇಡಿ ಅಂತ ಎಚ್ಚರಿಕೆ ಇರ್ತಿತ್ತು.

ವೇಗ ಬೇಕು ಅನ್ನೋರಿಗೆ ಅಟ್ಲಾಸ್ ಎಂಬ ಬ್ಲಾಸ್ ಇತ್ತು, ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಇದು ನಿಮ್ಮ ಪ್ರೊಸೆಸರ್ ಮೇಲೆ ನೂರಾರು ಪ್ರಯೋಗ ನಡೆಸಿ, ಸಮಯ ಅಳೆದು, ಅದಕ್ಕೆ ತಕ್ಕ ಕೋಡನ್ನು ತಾನೇ ಬರೆದುಕೊಳ್ಳುತ್ತೆ. ಗಂಟೆಗಟ್ಟಲೆ ಓಡ್ತಿತ್ತು. ಲ್ಯಾಪ್‌ಟಾಪ್ ವಿದ್ಯುತ್ ಉಳಿಸಲು ಪ್ರೊಸೆಸರ್ ವೇಗ ಏರಿಳಿಸಿದರೆ ಅಳತೆ ಕೆಡುತ್ತೆ ಅಂತ, ಆ ಸೌಲಭ್ಯ ಆಫ್ ಮಾಡದೆ ಮುಂದಕ್ಕೇ ಹೋಗ್ತಿರಲಿಲ್ಲ. ಜಾಣ ಸಾಫ್ಟ್‌ವೇರ್, ಒಪ್ತೀನಿ. ಆದರೆ ಅಂಕಿಅಂಶ ಕಲಿಯಲು ಬಂದ ವಿದ್ಯಾರ್ಥಿಗೆ ಮೊದಲ ಪಾಠವೇ ಇದು ಅಂದ್ರೆ ಎಷ್ಟು ಜನ ಉಳೀತಾರೆ ಹೇಳಿ.

ನೀವು ಕೇಳಬಹುದು, ಡೆಬಿಯನ್, ಉಬುಂಟುಗಳಲ್ಲಿ ಆಪ್ಟ್-ಗೆಟ್ ಇತ್ತಲ್ಲ ಅಂತ. ಇತ್ತು, ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ರೂಟ್ ಅನುಮತಿ ಬೇಕು. ಕಾಲೇಜಿನ ಸರ್ವರ್‌ನಲ್ಲಿ ಕೂತ ವಿದ್ಯಾರ್ಥಿಗೆ ಅದು ಎಲ್ಲಿಂದ ಬರಬೇಕು? ಜೊತೆಗೆ ಸಿಗೋ ವರ್ಷನ್ ಹಳೇದು. ಕಚೇರಿ, ಕ್ಲಸ್ಟರ್‌ಗಳಲ್ಲಿ ಓಡುತ್ತಿದ್ದ ರೆಡ್ ಹ್ಯಾಟ್ 5ರಲ್ಲಿದ್ದದ್ದು ಪೈಥಾನ್ 2.4, ರೆಡ್ ಹ್ಯಾಟ್ 6ರಲ್ಲಿ 2.6. ಸಿಸ್ಟಂನ ಯಮ್ ಅದೇ ಪೈಥಾನ್ ಮೇಲೆ ನಿಂತಿದ್ದರಿಂದ ಅದನ್ನು ಮುಟ್ಟೋ ಹಾಗೂ ಇಲ್ಲ. ಮುಂಬೈ ಕಡೆಯವರಿಗೆ ಗೊತ್ತಿರೋ ಉದಾಹರಣೆ ಮಾಯಾವಿ, ಐಐಟಿ ಬಾಂಬೆಯ ಪ್ರಾಧ್ಯಾಪಕ ಪ್ರಭು ರಾಮಚಂದ್ರನ್ ಬರೆದ ಮೂರು ಆಯಾಮದ ಚಿತ್ರಣದ ಸಾಫ್ಟ್‌ವೇರ್. ಅದು ನಿಂತಿರೋದು ವಿಟಿಕೆ ಎಂಬ ದೊಡ್ಡ ಸಿ++ ಲೈಬ್ರರಿ ಮೇಲೆ, ಪಕ್ಕದಲ್ಲಿ ವಿಂಡೋ ತೋರಿಸೋ ಲೈಬ್ರರಿ ಬೇರೆ. ಕಟ್ಟುವವರ ಪಾಡು ಊಹಿಸಿಕೊಳ್ಳಿ.

ಹಾಗಾದ್ರೆ ಒಬ್ಬರು ಕಂಪೈಲ್ ಮಾಡಿ ಎಲ್ಲರಿಗೂ ಹಂಚಬಾರದಾ? ವೀಲ್ ಅನ್ನೋ ರೆಡಿಮೇಡ್ ಪ್ಯಾಕೇಜ್ ವಿಧಾನ 2013ರ ಹೊತ್ತಿಗೆ ಬಂದಿತ್ತು. ಆದರೆ ಪೈಥಾನ್‌ನ ಅಧಿಕೃತ ಭಂಡಾರ ಪೈ-ಪಿ-ಐ ವಿಂಡೋಸ್ ಮತ್ತು ಮ್ಯಾಕ್ ವೀಲ್‌ಗಳನ್ನು ತಗೊಳ್ತಿತ್ತು, ಲಿನಕ್ಸ್ ವೀಲ್‌ಗಳನ್ನು ತಗೊಳ್ತಿರಲಿಲ್ಲ! ಕಾರಣ ಸರಳ: ಲಿನಕ್ಸ್ ಅಂತ ಒಂದೇ ಒಂದು ಇಲ್ಲ. ಎಲ್ಲಾ ಪ್ರೋಗ್ರಾಂಗಳ ಅಡಿಯಲ್ಲಿರೋ ಜಿಲಿಬ್‌ಸಿ ಎಂಬ ಲೈಬ್ರರಿಯ ವರ್ಷನ್ ಡಿಸ್ಟ್ರೋದಿಂದ ಡಿಸ್ಟ್ರೋಗೆ ಬೇರೆ. ಹೊಸ ಉಬುಂಟುವಿನಲ್ಲಿ ಕಟ್ಟಿದ್ದನ್ನು ಜಿಲಿಬ್‌ಸಿ 2.12 ಇರೋ ಸೆಂಟ್‌ಓಎಸ್ 6ಕ್ಕೆ ಒಯ್ದರೆ, 'ಜಿಲಿಬ್‌ಸಿ 2.14 ಸಿಗಲಿಲ್ಲ' ಅಂತ ಮುಖಕ್ಕೆ ಬಾಗಿಲು ಹಾಕುತ್ತಿತ್ತು. ನಮ್ಮ ಪೂಜಾರಿ ಇವನೇ. ಆದರೆ ಇವನಿಗೆ ಒಂದು ಒಳ್ಳೆ ಗುಣ: ಹಳೇ ಜಿಲಿಬ್‌ಸಿ ಮೇಲೆ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ತಿರುಗುಮುರುಗು ಮಾತ್ರ ಆಗಲ್ಲ.

ಈ ಗುಣವನ್ನು ಮೊದಲು ದುಡಿಸಿಕೊಂಡವರು ಕಂಪನಿಗಳು. ಎನ್‌ಥಾಟ್ ಮತ್ತು ಓಲಿಫಂಟ್, ಪೀಟರ್ ವಾಂಗ್ ಸೇರಿ 2012ರಲ್ಲಿ ಶುರು ಮಾಡಿದ ಕಂಟಿನ್ಯುಯಮ್, ಇಬ್ಬರೂ ತಮ್ಮ ಪ್ಯಾಕೇಜ್‌ಗಳನ್ನು ಹಳೇ ಸೆಂಟ್‌ಓಎಸ್ 5ರ ಮೇಲೆ ಕಟ್ಟುತ್ತಿದ್ದರು. ಅದೇ ವರ್ಷ ವಿಜ್ಞಾನದ ಪೈಥಾನ್ ಬಳಗ ಪೈಥಾನ್ ಜನಕ ಗೀಡೋ ವಾನ್ ರೋಸಮ್ ಮುಂದೆ ಈ ಗೋಳು ತೋಡಿಕೊಂಡಾಗ, ನಿಮ್ಮ ಅಗತ್ಯ ಉಳಿದವರಿಗಿಂತ ತೀರಾ ಬೇರೆ, ನಿಮ್ಮದೇ ದಾರಿ ಕಟ್ಟಿಕೊಳ್ಳೋದು ಒಳ್ಳೇದು ಅನ್ನೋ ಅರ್ಥದ ಮಾತು ಬಂತು. ಕಂಟಿನ್ಯುಯಮ್ ಕಟ್ಟಿಕೊಂಡ ದಾರಿಯೇ ಕಾಂಡಾ. ಪೈಥಾನ್ ಅಷ್ಟೇ ಅಲ್ಲ, ಫೋರ್ಟ್ರಾನ್ ಲೈಬ್ರರಿಗಳನ್ನೂ ಹೊತ್ತು ತಂದು, ರೂಟ್ ಅನುಮತಿ ಕೇಳದೆ ನಿಮ್ಮ ಹೋಮ್ ಫೋಲ್ಡರ್‌ನಲ್ಲೇ ಕೂರುತ್ತಿತ್ತು. ಅನಕೊಂಡಾ ಹೆಸರು ಮನೆಮಾತಾಗಿದ್ದು ಹೀಗೆ.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು 2016ರ ಜನವರಿ. ರಾಬರ್ಟ್ ಮೆಕ್‌ಗಿಬನ್ ಮತ್ತು ನಥಾನಿಯಲ್ ಸ್ಮಿತ್ ಪೆಪ್ 513 ಬರೆದರು. ಹೊಸ ತಂತ್ರಜ್ಞಾನ ಏನೂ ಇಲ್ಲ ಅದರಲ್ಲಿ. ಕಂಪನಿಗಳ ಅನುಭವವನ್ನೇ ತೆಗೆದು ಎಲ್ಲರ ನಿಯಮ ಮಾಡಿದರು: ಸೆಂಟ್‌ಓಎಸ್ 5ರ ಮೇಲೆ, ಅಂದ್ರೆ ಜಿಲಿಬ್‌ಸಿ 2.5ರ ಮೇಲೆ ಕಟ್ಟಿ; ಸಾಮಾನ್ಯವಾಗಿ ಎಲ್ಲಾ ಕಡೆ ಇರೋ ಇಂತಿಷ್ಟು ಲೈಬ್ರರಿಗಳನ್ನು ಮಾತ್ರ ಸಿಸ್ಟಂನಿಂದ ನಂಬಿ; ಉಳಿದದ್ದನ್ನು ವೀಲ್ ಒಳಗೇ ತುಂಬಿಕೊಂಡು ಬನ್ನಿ. ಹೆಸರು ಮೆನಿಲಿನಕ್ಸ್1. ಕಟ್ಟಲು ಒಂದು ಡಾಕರ್ ಇಮೇಜ್, ಪರೀಕ್ಷಿಸಲು ಆಡಿಟ್‌ವೀಲ್ ಎಂಬ ಟೂಲ್. ಅದೇ ಮಾರ್ಚ್‌ನಲ್ಲಿ ಬಂದ ಪಿಪ್ 8.1 ಇದನ್ನು ಅರ್ಥ ಮಾಡಿಕೊಂಡಿತು. ಅಷ್ಟರಲ್ಲಿ ಅಟ್ಲಾಸ್ ಜಾಗಕ್ಕೆ ಓಪನ್‌ಬ್ಲಾಸ್ ಬಂದಿತ್ತು. ಎಷ್ಟೋ ಪ್ರೊಸೆಸರ್‌ಗಳ ಕೋಡನ್ನು ಒಂದೇ ಲೈಬ್ರರಿಯಲ್ಲಿಟ್ಟು, ಓಡುವಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳೋ ಗುಣ ಅದಕ್ಕಿದ್ದದ್ದರಿಂದ ವೀಲ್ ಒಳಗೆ ಹಾಕಲು ಹೇಳಿಮಾಡಿಸಿದ ಹಾಗಿತ್ತು.

ಡಿಸ್ಟ್ರೋ ನೋಡಿಕೊಳ್ಳೋರಿಗೆ ಈ 'ಒಳಗೇ ತುಂಬಿಕೊಳ್ಳೋ' ಪದ್ಧತಿ ಮೊದಲಿಂದಲೂ ಹಿಡಿಸದು. ಒಂದು ಲೈಬ್ರರಿಯಲ್ಲಿ ಭದ್ರತಾ ದೋಷ ಸಿಕ್ಕಿದರೆ ಅವರು ಒಂದು ಕಡೆ ಸರಿಮಾಡಿದರೆ ಸಾಕು. ವೀಲ್‌ಗಳಲ್ಲಿ ಪ್ರತಿ ಪ್ಯಾಕೇಜೂ ತನ್ನ ಪ್ರತಿಯನ್ನು ತಾನೇ ಬದಲಿಸಬೇಕು. ಅವರ ಮಾತು ಸರಿಯೇ. ಆದರೂ ರೂಟ್ ಅನುಮತಿ ಇಲ್ಲದ ವಿದ್ಯಾರ್ಥಿಯ ಕಡೆಯಿಂದ ನೋಡಿದ್ರೆ ನನ್ನ ಓಟು ವೀಲ್‌ಗೇ.

ಸೆಂಟ್‌ಓಎಸ್ 5ರ ಆಯುಷ್ಯ 2017ರ ಮಾರ್ಚ್‌ಗೆ ಮುಗಿಯಿತು. ಆಮೇಲೆ ಸೆಂಟ್‌ಓಎಸ್ 6ರ ಮೇಲೆ ಮೆನಿಲಿನಕ್ಸ್2010, 7ರ ಮೇಲೆ ಮೆನಿಲಿನಕ್ಸ್2014 ಬಂದವು. ನಂತರ ಈ ವರ್ಷಗಳ ಲೆಕ್ಕ ಬಿಟ್ಟು ಹೆಸರಿನಲ್ಲೇ ಜಿಲಿಬ್‌ಸಿ ವರ್ಷನ್ ಬರೆಯೋ ಪದ್ಧತಿ ಆಯ್ತು. ಜಿಲಿಬ್‌ಸಿಯೇ ಇಲ್ಲದೆ ಮಸಲ್ ಬಳಸೋ ಆಲ್ಪೈನ್ ಲಿನಕ್ಸ್‌ನವರು 2021ರವರೆಗೆ ಕಾಯಬೇಕಾಯಿತು. ಡಾಕರ್‌ನಲ್ಲಿ ಆಲ್ಪೈನ್ ಹಾಕಿ ಪಾಂಡಾಸ್ ಕಂಪೈಲ್ ಆಗೋದನ್ನೇ ನೋಡ್ತಾ ಕೂತವರು ನಿಮ್ಮಲ್ಲೂ ಇರಬೇಕು. ಇನ್ನು ಅನಕೊಂಡಾ ಕಂಪನಿ 2020ರಲ್ಲಿ ತನ್ನ ಷರತ್ತು ಬದಲಿಸಿ, ದೊಡ್ಡ ಸಂಸ್ಥೆಗಳು ವ್ಯಾಪಾರಕ್ಕೆ ಬಳಸಿದರೆ ಹಣ ಕೊಡಬೇಕು ಅಂದಿತು. ನಿಮ್ಮ ಆಫೀಸಿನ ಐಟಿಯವರು ಇದ್ದಕ್ಕಿದ್ದಂತೆ ಅನಕೊಂಡಾ ತೆಗೆಯಿರಿ, ಕಾಂಡಾ-ಫೋರ್ಜ್ ಬಳಸಿ ಅಂತ ಮೇಲ್ ಕಳಿಸಿದ್ದರೆ, ಅದರ ಹಿಂದಿನ ಕಾರಣ ಇದೇ ಇದ್ದೀತು. ಸಮುದಾಯವೇ ನಡೆಸೋ ಆ ಕಾಂಡಾ-ಫೋರ್ಜ್ ಕಥೆ ಇನ್ನೊಂದು ವಿಡಿಯೋಗೆ ಇರಲಿ.