ಕೂಟನಾಣ್ಯಗಳ ಸಂಗ್ರಹ

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಖೋಟಾನಾಣ್ಯ ಮಾಡುವವನಿಗೆ ‘ಕೂಟರೂಪಕಾರಕ’ನೆಂಬ ಹೆಸರಿದೆ, ಅವನನ್ನು ದೇಶದಿಂದ ಹೊರಡಿಸಬೇಕೆಂದು ವಿಧಿಯಿದೆ. ಇಂತಹವರು ಮಾಡಿದ ನಾಣ್ಯಗಳನ್ನೇ ಅಕ್ಕರೆಯಿಂದ ಕೂಡಿಡುವವರೂ ಉಂಟೆಂಬುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಈ ಹವ್ಯಾಸವು ಬರಿಯ ವಿನೋದವೋ, ಚರಿತ್ರೆಗೆ ಇದರಿಂದ ಉಪಕಾರವುಂಟೋ ಎಂಬುದನ್ನು ಎರಡು ನಿದರ್ಶನಗಳಿಂದ ವಿಚಾರಿಸಬಹುದು.

ಇಟಲಿಯ ಪಾದುವಾ ನಗರದ ಜೊವಾನ್ನಿ ದ ಕವಿನೋ (1500–1570) ರೋಮನ್ ಚಕ್ರವರ್ತಿಗಳ ದೊಡ್ಡ ಹಿತ್ತಾಳೆಯ ನಾಣ್ಯಗಳನ್ನನುಸರಿಸಿ ಅಚ್ಚುಗಳನ್ನು ಕೆತ್ತಿದನು. ಪ್ರಾಚೀನಕಲೆಯ ಮೇಲಣ ಆದರವೇ ಅವನಿಗೆ ಪ್ರೇರಕವಾಗಿತ್ತೆಂದು ಹಲವರ ಮತ. ಆದರೆ ಅವನ ನಾಣ್ಯಗಳು ಕೈಯಿಂದ ಕೈಗೆ ದಾಟುತ್ತ ನಿಜವಾದ ರೋಮನ್ ನಾಣ್ಯಗಳೆಂದೇ ಮಾರಾಟವಾದುವು. ಈಗ ಅವುಗಳ ಕರ್ತೃವು ತಿಳಿದಿರುವುದರಿಂದ, ಸಂಗ್ರಾಹಕರು ಅವನ್ನು ಹದಿನಾರನೆಯ ಶತಮಾನದ ಕಲಾಕೃತಿಗಳೆಂದು ಅರಸಿ ಕೊಳ್ಳುತ್ತಾರೆ.

ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕ್ಕರನ (1772–1830) ರೀತಿ ಬೇರೆ. ಇವನು ಗ್ರೀಕ್, ರೋಮನ್ ಮತ್ತು ಮಧ್ಯಯುಗದ ನಾಣ್ಯಗಳಿಗೆ ತಾನೇ ಅಚ್ಚು ಕೆತ್ತಿದನು. ಅಗ್ಗದ ಪ್ರಾಚೀನ ನಾಣ್ಯಗಳ ಮೇಲೆಯೇ ಹೊಸ ಮುದ್ರೆಯನ್ನೊತ್ತುತ್ತಿದ್ದುದರಿಂದ ಲೋಹವೂ ಪುರಾತನವಾಗಿಯೇ ಇರುತ್ತಿತ್ತು. ಹೊಸತನದ ಹೊಳಪು ಮಾಸಲೆಂದು ಅವನ್ನು ಕಬ್ಬಿಣದ ಅರದ ಪುಡಿಯೊಡನೆ ಪೆಟ್ಟಿಗೆಯಲ್ಲಿಟ್ಟು, ಗಾಡಿಗೆ ಕಟ್ಟಿ ಸವಾರಿ ಹೋಗುತ್ತಿದ್ದನೆಂದು ಪ್ರತೀತಿ. ಬಲ್ಲವರೇ ಮೋಸಹೋದರು. ಇವನ ಗುಟ್ಟನ್ನು ಹೊರಗೆಡಹಿದುದು ಕೂಟನಾಣ್ಯಗಳ ಸಂಗ್ರಹವೇ. ಕೈಯಿಂದ ಕೆತ್ತಿದ ಎರಡು ಅಚ್ಚುಗಳು ಎಂದಿಗೂ ಸರ್ವಾಂಶದಲ್ಲಿ ಒಂದಾಗಿರಲಾರವು. ಆದಕಾರಣ ಸಂದಿಗ್ಧವಾದ ನಾಣ್ಯವೊಂದು ಬೆಕ್ಕರನ ಅಚ್ಚಿನೊಡನೆ ಕೂದಲೆಳೆಯಷ್ಟೂ ಭೇದವಿಲ್ಲದೆ ಹೊಂದಿದರೆ ಅದರ ಜನ್ಮವು ನಿಶ್ಚಿತವಾಯಿತು. ಆ ಅಚ್ಚುಗಳಿಂದ ತೆಗೆದ ಸೀಸದ ಪಡಿಯಚ್ಚುಗಳು ಸಂಗ್ರಹಗಳಲ್ಲಿ ಉಳಿದುವು. ಪಿಂಡರನು 1843ರಲ್ಲಿಯೂ, ಜಾರ್ಜ್ ಹಿಲ್ಲನು ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿಯೂ ಬೆಕ್ಕರನ ಕೃತಿಗಳ ವಿಷಯವಾಗಿ ಗ್ರಂಥಗಳನ್ನು ಬರೆದರು. ಅಂದು ಇವನ್ನೆಲ್ಲ ಹೇಯವೆಂದು ಕರಗಿಸಿಬಿಟ್ಟಿದ್ದರೆ ಆ ಕೂಟನಾಣ್ಯಗಳಲ್ಲಿ ಹಲವು ಇಂದಿಗೂ ಚರಿತ್ರೆಯ ಆಧಾರಗಳೆನಿಸಿಕೊಂಡಿರುತ್ತಿದ್ದುವು.

ಆದರೆ ಈ ಹವ್ಯಾಸಕ್ಕೊಂದು ಧರ್ಮವುಂಟು. ಬ್ರಿಟಿಷ್ ಮ್ಯೂಜಿಯಮ್ಮಿಗಾಗಿ ರಾಬರ್ಟ್ ರೆಡಿಯು ವಿದ್ಯುತ್ತಿನ ಸಹಾಯದಿಂದ ನಾಣ್ಯಗಳ ಪ್ರತಿಕೃತಿಗಳನ್ನು ಮಾಡಿದಾಗ, ಅಂಚಿನಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನು ಒತ್ತುತ್ತಿದ್ದನು. ಸಂಗ್ರಾಹಕನೂ ಹಾಗೆಯೇ ಪ್ರತಿಯೊಂದು ನಾಣ್ಯದೊಡನೆ ಅದರ ನಿಜಸ್ಥಿತಿಯನ್ನು ಬರೆದಿಡಬೇಕು. ಅವನ ತರುವಾಯ ಪೆಟ್ಟಿಗೆಯನ್ನು ತೆರೆಯುವವರಿಗೆ ಆ ಚೀಟಿಯೊಂದೇ ಸಾಕ್ಷಿ. ಅದಿದ್ದರೆ ಕೂಟನಾಣ್ಯವೂ ಸತ್ಯವನ್ನೇ ಹೇಳುವುದು. ಅದು ಕಳೆದರೆ ಬೆಕ್ಕರನ ಮೋಸವು ಮತ್ತೆ ಮೊದಲಾಗುವುದು.